ತಡವಾಗಿ ಕೂಗಿದ ಸೈರನ್

ನಿಂಗಯ್ಯ ಸತ್ತು ಹತ್ತು ನಿಮಿಷವಾದ ಮೇಲೆ ಆನೆ ಸೈರನ್ ಕೂಗಿತು.

ಶಾಗ್ಯದ ಜನ ಇದನ್ನೇ ಹೇಳಿ ಹೇಳಿ ಕ್ಯಾಕರಿಸಿ ಉಗಿಯುತ್ತಿದ್ದರು. ಊರಾಚೆ ಮುಸುಕಿನ ಜೋಳದ ಹೊಲ. ಬದುವಿನ ಮೇಲೆ ಹೆಣ. ಆನೆ ತುಳಿದ ಹೆಣ ಹೇಗಿರುತ್ತದೆಂದು ವಿವರಿಸುವುದು ಬೇಡ. ಹನೂರು ಠಾಣೆಯ ಎಎಸ್‌ಐ ಚನ್ನಾಜಮ್ಮ ಮೂವತ್ತೊಂದು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಹೆಣ ನೋಡಿದ್ದಳು. ಇದನ್ನು ನೋಡಿ ಅವಳೂ ಒಮ್ಮೆ ಮುಖ ತಿರುಗಿಸಿ ನಿಂತಳು.

ಹೆಂಡತಿ ಮಹಾಲಕ್ಷ್ಮಮ್ಮ ಮಣ್ಣಲ್ಲೇ ಕುಳಿತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ಚನ್ನಾಜಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

"ಎಷ್ಟೊತ್ಗೆ ಮನೆ ಬುಟ್ರು ಕಣವ್ವ?"

"ಆರ್ ಗಂಟೆ ಆಗಿತ್ತು. ಕಾಪಿ ಕುಡ್ಕಂಡು ಜಗಲಿ ಮ್ಯಾಲೆ ಕುಂತಿದ್ರು. ಸೈರನ್ ಆಗ್ನಿಲ್ಲ, ಆನೆ ಇಲ್ಲ, ಓಯ್ತೀನಿ ಅಂದ್ರು. ಓದ್ರು."

ಕಾಡಂಚಿನ ಊರುಗಳಲ್ಲಿ ಈಗ ಇದೇ ರೂಢಿ. ಮೊದಲಾದರೆ ನಾಲ್ಕು ಜನ ಒಟ್ಟಾಗಿ, ತಗಡಿನ ಡಬ್ಬ ಬಡಿಯುತ್ತ, ಕೆಮ್ಮುತ್ತ, ಕೂಗುತ್ತ ಹೊಲಕ್ಕೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಊರುಗಾವಲು ಟ್ರಸ್ಟ್ ಎಂಬ ಸಂಸ್ಥೆ ಕಾಡಂಚಿಗೆ ಇಪ್ಪತ್ತೆಂಟು ಕ್ಯಾಮೆರಾ ಕಟ್ಟಿತು. ಊರೂರಿಗೆ ಸೈರನ್ ಕಂಬ ನೆಟ್ಟಿತು. ಕ್ಯಾಮೆರಾಗೆ ಆನೆ ಕಂಡರೆ ಹನೂರಿನ ಕೇಂದ್ರದಲ್ಲಿ ಕಂಪ್ಯೂಟರ್ ಗುರುತಿಸುತ್ತದೆ, ಅಲ್ಲಿ ಕುಳಿತವರು ಗುಂಡಿ ಒತ್ತುತ್ತಾರೆ, ಊರಲ್ಲಿ ಸೈರನ್ ಕೂಗುತ್ತದೆ. ಕೂಗಿದರೆ ಜನ ಮನೆಯಲ್ಲೇ ಇರುತ್ತಾರೆ. ಕೂಗದಿದ್ದರೆ ದಾರಿ ಸಲೀಸು ಎಂದು ಒಬ್ಬೊಬ್ಬರೇ ಹೊರಡುತ್ತಾರೆ. ನಿಂಗಯ್ಯ ಹಾಗೆ ಹೊರಟವನು.

"ಸೆಂಟರ್‌ನಲ್ಲಿ ಕುಂತಿದ್ದೋಳು ನಮ್ಮೂರೋಳೇ ಮೇಡಮ್ಮೋರೆ! ನಾಗಶ್ರೀ!" ಹಿಂದಿನಿಂದ ಮುತ್ತಯ್ಯ ಎಂಬುವನು ಕೂಗಿದ. "ನಿದ್ದೆ ಒಡ್ದವ್ಳೆ. ಊರಿಗೆ ಕಾಲಿಡ್ಲಿ, ನೋಡ್ಕತೀವಿ!"

ಜನ ಹೌದೆಂದು ತಲೆಯಾಡಿಸಿದರು.

* * *

ಹನೂರಿನ ಕೇಂದ್ರವೆಂದರೆ ಒಂದೇ ಕೋಣೆ. ಗೋಡೆಯ ತುಂಬ ಎಣ್ಣೆಕಲೆ, ಮೂಲೆಯಲ್ಲಿ ಜೇಡರ ಬಲೆ. ಮೇಜಿನ ಮೇಲೆ ದೊಡ್ಡ ಪರದೆ. ಕೆಳಗೆ ಸೊಂಟದೆತ್ತರದ ಕಪ್ಪು ಡಬ್ಬ, ಅದಕ್ಕೊಂದು ಬೀಗ. ಡಬ್ಬದ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ.

ನಾಗಶ್ರೀಗೆ ಇಪ್ಪತ್ಮೂರು ವರ್ಷ. ಗೋಡೆಗೆ ಒರಗಿ ನಿಂತಿದ್ದಳು. ಕುರ್ಚಿಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಪ್ರಭುಸ್ವಾಮಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಮೆತ್ತನೆ ಮಾತು. ಪಕ್ಕದಲ್ಲಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಮಹದೇವಪ್ರಸಾದ್. ಹೊಸಬ. ಕೇಸು ಬೇಗ ಮುಗಿದರೆ ಸಾಕು ಎನ್ನುವ ವಯಸ್ಸು.

ಪ್ರಭುಸ್ವಾಮಿ ಒಂದು ಹಾಳೆ ಮುಂದೆ ಇಟ್ಟ.

"ಕಂಪ್ಯೂಟರ್ ದಾಖಲೆ ಇದು. ಹದಿನೇಳನೇ ಕ್ಯಾಮೆರಾಗೆ ಆನೆ ಸಿಕ್ಕಿದ್ದು ಐದು ಐವತ್ತೆಂಟಕ್ಕೆ. ಸೈರನ್ ಒತ್ತಿದ್ದು ಆರು ಹದಿನಾಲ್ಕಕ್ಕೆ. ಮಧ್ಯೆ ಹದಿನಾರು ನಿಮಿಷ. ಈ ಹುಡುಗಿ ಏನು ಮಾಡ್ತಿದ್ದಳು, ನೀವೇ ಕೇಳಿ."

"ಪರದೆ ಮೇಲೆ ಕೆಂಪು ಚೌಕ ಬಂದಿದ್ದೇ ಆರು ಹದ್ನಾಕಕ್ಕೆ ಸಾ," ಎಂದಳು ನಾಗಶ್ರೀ. "ಬಂದೇಟ್ಗೆ ಒತ್ತಿದೆ. ನಿಂಗಯ್ಯ ದೊಡ್ಡಪ್ಪ ನಮ್ ಬೀದಿಯೋರು. ನಾನು ನಿದ್ದೆ ಮಾಡ್ನಿಲ್ಲ."

"ಯಂತ್ರ ಸುಳ್ಳು ಹೇಳುತ್ತಾ?" ಪ್ರಭುಸ್ವಾಮಿ ಮೆಲ್ಲಗೆ ಕೇಳಿದ. "ಪಾಪ, ಹುಡುಗಿ. ಆದರೆ ಒಂದು ಜೀವ ಹೋಗಿದೆಯಲ್ಲ."

ಪಾಪ ಎನ್ನುವ ಆ ಮಾತು ಚನ್ನಾಜಮ್ಮನಿಗೆ ಯಾಕೋ ಹಿಡಿಸಲಿಲ್ಲ. ಅವಳು ಮೇಜಿನ ಮೇಲಿದ್ದ ನೋಟ್‌ಬುಕ್ ಎತ್ತಿಕೊಂಡಳು. ಪರದೆಯ ಮೇಲೆ ಏನು ಬಂದರೂ ನಾಗಶ್ರೀ ಗೋಡೆ ಗಡಿಯಾರ ನೋಡಿ ಅದರಲ್ಲಿ ಬರೆಯುತ್ತಿದ್ದಳು. ದುಂಡು ಅಕ್ಷರ. ಐದೂವರೆಯಿಂದ ಆರೂಕಾಲರವರೆಗೆ ಎರಡು ಪುಟ. ನಿದ್ದೆ ಮಾಡಿದವಳು ಇಷ್ಟು ಬರೆದಿರಲು ಸಾಧ್ಯವಿಲ್ಲ.

"ಆಮೇಲೆ ಕೂತು ತುಂಬಿಸಿರ್ತಾಳೆ," ಎಂದ ಪ್ರಭುಸ್ವಾಮಿ, ಅವಳ ಮನಸ್ಸು ಓದಿದವನ ಹಾಗೆ.

"ಸ್ವಾಮಿ, ನೀವು ಹೊರಡಿ. ಊರಲ್ಲಿ ಜನ ಕಾಯ್ತಿರ್ತಾರೆ," ಎಂದು ಮಹದೇವಪ್ರಸಾದ್ ಅವನನ್ನು ಕಳಿಸಿಕೊಟ್ಟ. ಆಮೇಲೆ ಚನ್ನಾಜಮ್ಮನ ಕಡೆ ತಿರುಗಿದ. "ಸ್ಪಷ್ಟವಾಗಿದೆಯಲ್ಲ ಚನ್ನಾಜಮ್ಮನೋರೆ. ನಿರ್ಲಕ್ಷ್ಯದಿಂದ ಸಾವು. ಅರೆಸ್ಟ್ ಮಾಡಿಬಿಡೋಣ."

"ನಾಳೆ ಸಂಜೆ ತಂಕ ಟೈಮ್ ಕೊಡಿ ಸಾ. ಎಲ್ಗೂ ಓಗಲ್ಲ ಇವ್ಳು. ಊರಿಗೆ ಓದ್ರೆ ಒಡ್ದಾಕ್ತಾರೆ."

ಮಹದೇವಪ್ರಸಾದ್ ಗಡಿಯಾರ ನೋಡಿಕೊಂಡ. "ನಾಳೆ ಸಂಜೆ ಐದು ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ."

ಅವನು ಹೋದ ಮೇಲೆ ಚನ್ನಾಜಮ್ಮ ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ಓದಿದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. 'ಹಾಲಿನ ವ್ಯಾನು, ಕ್ಯಾಮೆರಾ ನಾಲ್ಕು, ಆರು ಒಂಬತ್ತು.'

"ಶಾಗ್ಯಕ್ಕೆ ಹಾಲಿನ ವ್ಯಾನು ಎಷ್ಟೊತ್ಗೆ ಬತ್ತದೆ?"

"ಐದು ಐವತ್ತೈದು ಮೇಡಂ. ಒಂದಿನಾನೂ ತಪ್ಪಲ್ಲ."

"ಮತ್ತೆ ಇಲ್ಲಿ ಆರು ಒಂಬತ್ತು ಅಂತ ಬರ್ದಿದೀಯ?"

ನಾಗಶ್ರೀ ನೋಟ್‌ಬುಕ್ ನೋಡಿದಳು. ಗಡಿಯಾರ ನೋಡಿದಳು.

ಚನ್ನಾಜಮ್ಮ ವ್ಯಾನಿನ ಡ್ರೈವರಿಗೆ ಫೋನ್ ಮಾಡಿದಳು. ಇವತ್ತೂ ಐದು ಐವತ್ತೈದಕ್ಕೇ ಬಂದಿದ್ದನಂತೆ. ಅಲ್ಲಿಗೆ ವಿಷಯ ಅರ್ಥವಾಯಿತು. ಹುಡುಗಿ ತಡ ಮಾಡಿರಲಿಲ್ಲ. ಪರದೆಯೇ ಆಗಿಹೋದದ್ದನ್ನು ತೋರಿಸುತ್ತಿತ್ತು.

"ಈ ಕಂಪ್ಯೂಟರ್ ಮೊದ್ಲಿಂದಾನೂ ಹಿಂಗೇನಾ?"

"ಇಲ್ಲ ಮೇಡಂ, ಈಗ ಇನ್ನೂ ಚೆನ್ನಾಗದೆ ಅಂದ್ಕಂಡಿದ್ದೆ. ಮೊದ್ಲು ರಾಗಿ ಮಿಲ್ಲಿನಂಗೆ ಸದ್ದು ಮಾಡದು, ತಲೆನೋವು ಬರದು. ಎರಡು ತಿಂಗ್ಳಾಯ್ತು, ಸುಣ್ಣ ಬಣ್ಣ ಒಡೀತೀವಿ ಅಂತ ಸೆಕ್ರೆಟ್ರಿಯೋರು ಒಂದಿನ ರಜಾ ಕೊಟ್ರು. ಮಾರ್ನೆ ದಿನ ಬಂದ್ರೆ ಸದ್ದೇ ಇಲ್ಲ. ಕರೆಂಟ್ ಓದ್ರೂ ಅಷ್ಟೇ. ಮೊದ್ಲು ಯುಪಿಎಸ್ ಕೈ ಕೊಟ್ರೆ ಎಲ್ಲ ಆಫ್ ಆಗಿ, ಮತ್ತೆ ಶುರುವಾಗಕ್ಕೆ ಹತ್ ನಿಮ್ಷ ಬೇಕಿತ್ತು. ಈಗ ಪರದೆ ಮಾತ್ರ ಆಫ್ ಆಯ್ತದೆ. ಕರೆಂಟ್ ಬಂದೇಟ್ಗೆ ಎಲ್ಲ ಇದ್ದಂಗೇ ಇರ್ತದೆ."

ಚನ್ನಾಜಮ್ಮ ಗೋಡೆಯ ಎಣ್ಣೆಕಲೆಯನ್ನೂ ಜೇಡರ ಬಲೆಯನ್ನೂ ನೋಡಿದಳು.

* * *

ಕಂಪ್ಯೂಟರ್ ವಿಷಯದಲ್ಲಿ ಚನ್ನಾಜಮ್ಮನದು ಸೊನ್ನೆ. ಠಾಣೆಯ ಹುಡುಗರು ಅವಳನ್ನು ಅದಕ್ಕೇ ಆಡಿಕೊಳ್ಳುತ್ತಿದ್ದರು. ಆದರೆ ಯಾರನ್ನು ಕೇಳಬೇಕೆಂಬುದು ಅವಳಿಗೆ ಗೊತ್ತಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದೆ ರಿಪೇರಿ ಅಂಗಡಿ ಇಟ್ಟಿರುವ ಸೌಮ್ಯ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಬೀಗ ತೆಗೆಯಲು ಅವಳಿಗೆ ಎರಡು ನಿಮಿಷ ಸಾಕಾಯಿತು. ಮುಚ್ಚಳ ಸರಿದದ್ದೇ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಅದರ ಹಿಂದೆ ಏಳೆಂಟು ಜಿರಳೆ ಸರಸರನೆ ಹೊರಬಂದವು.

"ಥೂ!" ಎಂದು ಚನ್ನಾಜಮ್ಮ ಹಿಂದೆ ಸರಿದಳು.

ಡಬ್ಬದ ಹೊಟ್ಟೆ ಖಾಲಿ. ತಳದಲ್ಲಿ ಒಂದು ಲ್ಯಾಪ್‌ಟಾಪ್, ಮಡಿಚಿದ ಸ್ಥಿತಿಯಲ್ಲೇ ಓಡುತ್ತಿತ್ತು. ಅದನ್ನು ಲಂಗದ ಲಾಡಿಯಿಂದ ಬಿಗಿದು ಕಟ್ಟಿದ್ದರು.

ಸೌಮ್ಯ ಬಗ್ಗಿ ನೋಡಿ ನಕ್ಕಳು. ನಗು ಬೇಗ ನಿಂತಿತು. "ಸಿಪಿಯು ಎತ್ತವ್ರೆ ಕಣಮ್ಮ."

"ಸಿಪಿಯು ಇಲ್ಲೇ ನಿಂತದಲ್ಲ?" ಚನ್ನಾಜಮ್ಮ ಡಬ್ಬ ತಟ್ಟಿದಳು.

"ಇದು ಬರೀ ಡಬ್ಬ. ಎಲ್ಲರೂ ಇದನ್ನೇ ಸಿಪಿಯು ಅಂತಾರೆ. ನಾವೂ ಗಿರಾಕಿಗಳ ಜೊತೆ ಅಂಗೇ ಅಂತೀವಿ. ನಿಜವಾದ ಸಿಪಿಯು ಅಂದ್ರೆ ಪ್ರೊಸೆಸರ್. ಬಿಸ್ಕತ್ತಿನಷ್ಟು ಚಿಪ್ಪು. ಇದ್ರಾಗೆ ಎರಡು ಇದ್ವು, ಸರ್ವರ್‌ದು. ಬೋರ್ಡ್ ಸಮೇತ ಕಿತ್ಕಂಡು ಓಗವ್ರೆ. ಕರೆಂಟ್ ಓದ್ರೂ ಯಾಕೆ ಆಫ್ ಆಗ್ತಿರ್ನಿಲ್ಲ ಗೊತ್ತಾಯ್ತಾ? ಲ್ಯಾಪ್‌ಟಾಪಿಗೆ ಒಟ್ಟೇಲೇ ಬ್ಯಾಟ್ರಿ ಅದೆ."

"ಸರ್ವರ್ ಅಂದ್ರೆ ಓಟ್ಲಲ್ಲಿ ಬಡ್ಸೋನಲ್ವಾ?"

"ಸರಿಯಾಗೇ ಅಂದ್ರಿ. ಮದುವೆ ಪಂಕ್ತಿ ನೆನೆಸ್ಕಳಿ. ಹಳೇ ಸರ್ವರಿನಲ್ಲಿ ಬಡ್ಸೋರು ಮೂವತ್ತೆರಡು ಜನ. ಯಾರಿಗೂ ಆತುರ ಇಲ್ಲ, ಆದ್ರೆ ಯಾರೂ ಸುಸ್ತಾಗಲ್ಲ. ಈ ಲ್ಯಾಪ್‌ಟಾಪಲ್ಲಿ ಹತ್ತೇ ಜನ. ಅದ್ರಾಗೂ ಚುರುಕಾಗಿರೋರು ಇಬ್ರೇ. ಒಂದೆರಡು ಎಲೆಗೆ ಇವ್ರೇ ಫಸ್ಟು. ಇಪ್ಪತ್ತೆಂಟು ಎಲೆಗೆ ಒಂದೇ ಸಲ ಬಡ್ಸು ಅಂದ್ರೆ ಮೈ ಕಾದು ನಿಧಾನ ಆಗ್ತಾರೆ. ಈ ಡಬ್ಬದಲ್ಲಿ ಗಾಳಿನೂ ಇಲ್ಲ."

"ಮತ್ತೆ ಎರಡು ತಿಂಗ್ಳು ಯಾರಿಗೂ ಗೊತ್ತಾಗ್ನಿಲ್ವಲ್ಲ?"

"ಏನಾರ ಅಲ್ಲಾಡಿದ್ರೆ ಮಾತ್ರ ಕ್ಯಾಮೆರಾ ಚಿತ್ರ ಕಳಿಸ್ತದೆ. ರಾತ್ರಿ ಹೊತ್ತು ಕಾಡಂಚಲ್ಲಿ ಏನು ಅಲ್ಲಾಡ್ತದೆ? ಬೆಳಿಗ್ಗೆ ನೋಡಿ. ಹಸು, ಎಮ್ಮೆ, ಬೈಕು, ಚೊಂಬು ಹಿಡ್ದು ಒಂಟೋರು, ಎಲ್ಲ ಒಟ್ಗೆ. ಎಲ್ಲರ ಚಿತ್ರ ಸಾಲಲ್ಲಿ ನಿಂತ್ಕಂತದೆ. ಆನೆ ಚಿತ್ರಾನೂ ಅವ್ರ ಹಿಂದೆ ನಿಂತಿತ್ತು."

ನಾಗಶ್ರೀ ಕೈಯಿಂದ ಬಾಯಿ ಮುಚ್ಚಿಕೊಂಡಳು. ಚೊಂಬು ಹಿಡಿದು ಹೊರಟವನ ಹಿಂದೆ ಆನೆ ಸಾಲಿನಲ್ಲಿ ಕಾದಿತ್ತು. ಅಷ್ಟರಲ್ಲಿ ನಿಂಗಯ್ಯ ಜಗಲಿಯಿಂದ ಎದ್ದಿದ್ದ.

"ಬೀಗದ ಕೀ ಯಾರ್ತಾವ ಅವೆ?"

"ಸೆಕ್ರೆಟ್ರಿಯೋರ ಹತ್ರ ಒಂದು," ನಾಗಶ್ರೀ ಹೇಳಿದಳು. "ಇನ್ನೊಂದು ರಂಗರಾಜಣ್ಣನ ಹತ್ರ. ಮಿಷಿನ್ ರಿಪೇರಿಗೆ ಬರೋರು. ಮೂರು ತಿಂಗಳ ಹಿಂದೆ ಅವ್ರನ್ನ ಬಿಡಿಸ್ಬುಟ್ರು. ತುಂಬ ಕೂಗಾಡ್ಕಂಡು ಓದ್ರು."

"ಡಬ್ಬ ಮುಚ್ಚು ಸೌಮ್ಯ. ಒಳಗೆ ಏನದೆ, ಏನಿಲ್ಲ ಅಂತ ನಾಳೆ ತಂಕ ನೀವಿಬ್ರೂ ಬಾಯಿ ಬಿಡಂಗಿಲ್ಲ."

* * *

ಮರುದಿನ ಬೆಳಿಗ್ಗೆ ಚನ್ನಾಜಮ್ಮ ಕೊಳ್ಳೇಗಾಲದಲ್ಲಿದ್ದಳು. ರಂಗರಾಜುವೇ ಕಳ್ಳ ಎಂದು ಅವಳ ಮನಸ್ಸು ಆಗಲೇ ಅರ್ಧ ತೀರ್ಮಾನಿಸಿತ್ತು. ಕೆಲಸ ಕಳೆದುಕೊಂಡ ಸಿಟ್ಟು, ಕೈಯಲ್ಲಿ ಕೀ, ಬಿಚ್ಚುವ ವಿದ್ಯೆ. ಇನ್ನೇನು ಬೇಕು?

ಅವನ ಅಂಗಡಿಯೂ ಅನುಮಾನಕ್ಕೆ ತಕ್ಕಂತೆಯೇ ಇತ್ತು. ಗೋಡೆಯುದ್ದಕ್ಕೂ ಬಿಚ್ಚಿದ ಕಂಪ್ಯೂಟರುಗಳು, ಬೋರ್ಡುಗಳ ರಾಶಿ. ಪೊಲೀಸರನ್ನು ಕಂಡು ರಂಗರಾಜು ಎದ್ದು ನಿಂತ.

"ಹನೂರು ಸೆಂಟರಿನ ಸಿಪಿಯು ಕಳ್ಳತನ ಆಗದೆ," ಎಂದಳು ಚನ್ನಾಜಮ್ಮ. ಇಷ್ಟೇ. ಆಮೇಲೆ ಅವನ ಮುಖ ನೋಡುತ್ತ ನಿಂತಳು.

ರಂಗರಾಜುವಿನ ಕಣ್ಣು ಅಗಲವಾಯಿತು. "ಅದನ್ನ ಎಂಗ್ ಒತ್ಕಂಡು ಓದ್ರು ಮೇಡಂ? ಮೂವತ್ ಕೆಜಿ ಡಬ್ಬ ಅದು! ಒಳಿಕ್ಕೆ ಇಡಕ್ಕೇ ನಾವು ಇಬ್ರು ಬೇಕಾಗಿತ್ತು. ಯಾರ್ದಾರ ಆಟೋ ನೋಡ್ದೋರು ಅವ್ರಾ?"

"ನಿನ್ ಕೀ ಎಲ್ಲದೆ?"

"ಬಿಡ್ಸಿದ ದಿನವೇ ಪ್ರಭುಸ್ವಾಮಿಯೋರ ಕೈಗೆ ಕೊಟ್ಟೆ. ಸಹಿ ಮಾಡ್ಸ್ಕಂಡಿವ್ನಿ, ನೋಡಿ." ಅವನು ಡ್ರಾಯರಿನಿಂದ ಕಾಗದ ತೆಗೆದ. ಸಹಿ ಸರಿಯಾಗಿಯೇ ಇತ್ತು.

"ಯಾಕ್ ಬಿಡ್ಸಿದ್ರು?"

"ಸರ್ವರ್ ಹಳೇದಾಯ್ತು, ಹೊಸಾ ಲ್ಯಾಪ್‌ಟಾಪ್ ಅದಕ್ಕಿಂತ ಜೋರಾಗದೆ, ಬದಲಾಯ್ಸೋಣ ಅಂದ್ರು. ಎರಡು ನಿಮಿಷದ ಟೆಸ್ಟ್ ಓಡ್ಸಿ, ನೋಡ್ಲಾ ಮಾರ್ಕ್ಸು ಅಂತ ತೋರ್ಸಿದ್ರು. ಹೊಸದಕ್ಕೇ ಜಾಸ್ತಿ ಬಂದಿತ್ತು. ಎರಡು ನಿಮಿಷ ಓಡೋದು ಬೇರೆ, ದಿನವೆಲ್ಲ ದುಡಿಯೋದು ಬೇರೆ, ಬೇಡಿ ಸಾ, ಜೀವದ ವಿಷ್ಯ ಅಂದೆ. ಎದುರು ಮಾತಾಡ್ತೀಯಾ ಅಂತ ಬಿಡ್ಸಿದ್ರು." ಅವನು ನಿಟ್ಟುಸಿರಿಟ್ಟ. "ಆದ್ರೂ ಆ ಹಳೇ ಡಬ್ಬ ಇಲ್ಲಿ ಯಾರಿಗೆ ಬೇಕು ಮೇಡಂ? ಅಷ್ಟು ಕೆಲ್ಸ ಇರೋದು ಮದುವೆ ವಿಡಿಯೋ ಮಾಡೋರಿಗೆ ಮಾತ್ರ. ನಾನೂ ಚೂರು ಪಾರು ಮಾಡ್ತೀನಿ. ಯಳಂದೂರಲ್ಲಿ ಒಬ್ಬ ಮೂರೇ ದಿನಕ್ಕೆ ವಿಡಿಯೋ ಕೊಡ್ತಾವ್ನಂತೆ, ನಿಂಗ್ಯಾಕಯ್ಯ ಮೂರು ವಾರ ಅಂತ ಗಿರಾಕಿಗಳು ಉಗೀತಾವ್ರೆ."

ಚನ್ನಾಜಮ್ಮ ಮೆಟ್ಟಿಲು ಇಳಿದಳು. ರಂಗರಾಜು ಇಡೀ ಡಬ್ಬವೇ ಹೋಗಿದೆ ಎಂದು ತಿಳಿದಿದ್ದ. ಡಬ್ಬ ಅಲ್ಲೇ ಇದೆಯೆಂದು ಕಳ್ಳನಿಗೆ ಮಾತ್ರ ಗೊತ್ತು.

* * *

ಪ್ರಭುಸ್ವಾಮಿಯ ಮನೆ ಅಲ್ಲಿಂದ ಮೂರು ಬೀದಿ ಆಚೆ. ಅವನು ನಿಂಗಯ್ಯನ ಶ್ರದ್ಧಾಂಜಲಿ ಬ್ಯಾನರಿನ ಅಳತೆ ಹೇಳುತ್ತ ಫೋನಿನಲ್ಲಿದ್ದ. ಬ್ಯಾನರಿನಲ್ಲಿ ತನ್ನ ಫೋಟೋ ಬಲಗಡೆ ಇರಲಿ, ಸ್ವಲ್ಪ ದೊಡ್ಡದಾಗಿಯೇ ಇರಲಿ ಎನ್ನುತ್ತಿದ್ದ. ಚನ್ನಾಜಮ್ಮ ಬಾಗಿಲಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಂಡಳು. ಬಾಯಿಗೆ ಕಹಿ ಬಂದಂತಾಯಿತು.

ಕಾಫಿ ಬಂತು. ಲೋಟ ಇಡಲು ಜಾಗ ಹುಡುಕುವಾಗ ಮೇಜಿನ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಮದುಮಗ, ಮದುಮಗಳು, ಕೆಳಗೆ ಯಳಂದೂರಿನ ಒಂದು ವಿಡಿಯೋ ಸ್ಟುಡಿಯೋದ ಹೆಸರು.

"ನಿಮ್ಮೋರ್ದಾ ಸ್ಟುಡಿಯೋ?"

"ಬಾಮೈದಂದು. ಏನು ಬಂದ್ರಿ?"

"ಸೆಂಟರಿನ ಸಿಪಿಯು ಕಳ್ಳತನ ಆಗದೆ ಅಂತ ದೂರು ಬಂದದೆ."

ಪ್ರಭುಸ್ವಾಮಿ ಫೋನನ್ನು ಮೇಜಿನ ಮೇಲಿಟ್ಟ. ಆಮೇಲೆ ನಕ್ಕ. "ಆ ಹುಡುಗಿ ಹೇಳಿದ್ಲಾ? ತಪ್ಪಿಸ್ಕೊಳ್ಳೋಕೆ ನೆಪ ಅಷ್ಟೆ. ಆ ಹಳೇ ಪ್ರೊಸೆಸರ್ ಇದ್ರೆಷ್ಟು, ಹೋದ್ರೆಷ್ಟು? ಏಳು ವರ್ಷದ್ದು. ಈಗಿರೋದು ಅದಕ್ಕಿಂತ ಫಾಸ್ಟು. ಅದರಿಂದ ತಡ ಆಗೋಕೆ ಸಾಧ್ಯನೇ ಇಲ್ಲ."

ಚನ್ನಾಜಮ್ಮ ಕಾಫಿ ಪೂರ್ತಿ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಲೋಟ ಕೆಳಗಿಟ್ಟು, ಬರುತ್ತೇನೆ ಸ್ವಾಮಿ ಎಂದು ಕೈ ಮುಗಿದಳು. ಬೀದಿಗೆ ಬಂದವಳೇ ಯಳಂದೂರು ಠಾಣೆಗೆ ಫೋನ್ ಮಾಡಿ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕೇಳಿದಳು. ದಾರಿಯಲ್ಲಿ ಸೌಮ್ಯಳನ್ನು ಜೀಪಿಗೆ ಹತ್ತಿಸಿಕೊಂಡಳು.

* * *

ಸ್ಟುಡಿಯೋದ ಹೊರಗೆ ನಿಂತಾಗಲೇ ಸದ್ದು ಕೇಳಿಸುತ್ತಿತ್ತು. ರಾಗಿ ಮಿಲ್ಲಿನ ಸದ್ದು.

ಹಿಂದಿನ ಕೋಣೆಯಲ್ಲಿ ಫ್ಯಾನುಗಳು ಹೋ ಎಂದು ಕೂಗುತ್ತಿದ್ದವು. ಹಲಗೆಯ ಮೇಲೆ ದೊಡ್ಡ ಬೋರ್ಡು, ಅದರ ಮೇಲೆ ಎರಡು ಕಬ್ಬಿಣದ ಗೂಡು. ಆ ಗೂಡುಗಳ ಕೆಳಗೇ ಪ್ರೊಸೆಸರುಗಳು ಎಂದಳು ಸೌಮ್ಯ. ಪಕ್ಕದ ಪರದೆಯಲ್ಲಿ ಯಾರದೋ ಮದುವೆ. ಮದುಮಗ ಹೂವಿನ ಮಳೆಯಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದ.

ಸೌಮ್ಯ ಟಾರ್ಚ್ ಹಿಡಿದು ಗೂಡಿನ ಸಂದಿ ತೋರಿಸಿದಳು. ಒಳಗೆಲ್ಲ ಬಿಳಿ ಪುಡಿ, ನಡುನಡುವೆ ಕೆಂಪು.

"ವಿಭೂತಿ, ಕುಂಕುಮ. ಸೋಮವಾರ ಸೋಮವಾರ ನಾಗಶ್ರೀ ಡಬ್ಬಕ್ಕೆ ಹಚ್ತಿದ್ಲಂತಲ್ಲ, ಫ್ಯಾನು ಒಳಿಕ್ಕೆ ಎಳ್ಕಂಡದೆ. ಬೋರ್ಡಿನ ನಂಬರ್ರೂ ಸೆಂಟರಲ್ಲಿ ನೋಡಿದ ಟ್ರಸ್ಟಿನ ಬಿಲ್ಲಿನ ನಂಬರ್ರೂ ಒಂದೇ ಕಣಮ್ಮ."

ಬಾಮೈದ ಮೊದಲು ತನಗೇನೂ ಗೊತ್ತಿಲ್ಲ ಎಂದ. ಕಾನ್‌ಸ್ಟೇಬಲ್ ಹೆಗಲ ಮೇಲೆ ಕೈಯಿಟ್ಟ ಕೂಡಲೇ ಭಾವ ತಂದುಕೊಟ್ಟದ್ದು, ಬದಲಿಗೆ ನಾನು ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದೇನೆ ಎಂದು ಒಪ್ಪಿಕೊಂಡ. ಸೌಮ್ಯ ಸ್ವಿಚ್ಚಿನತ್ತ ಕೈ ಚಾಚಿದಳು. ಬಾಮೈದ ಅಡ್ಡ ಬಂದ.

"ಮೇಡಂ, ಮೇಡಂ, ಇನ್ನು ಹತ್ತೇ ನಿಮಿಷ! ಹಾಡು ಮುಗೀಲಿ. ಮದುವೆಯೋರು ಸಂಜೆ ಬತ್ತಾರೆ, ನನ್ ಮರ್ಯಾದೆ ಪ್ರಶ್ನೆ."

ಚನ್ನಾಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇವನ ಹೂಮಳೆಗಾಗಿ ಅಲ್ಲಿ ಒಬ್ಬ ಮನುಷ್ಯ ಮಣ್ಣಿಗೆ ಮಣ್ಣಾಗಿದ್ದಾನೆ, ಇವನು ಹತ್ತು ನಿಮಿಷ ಕೇಳುತ್ತಿದ್ದಾನೆ. ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು. ತಾನೇ ಬಗ್ಗಿ ಪ್ಲಗ್ ಕಿತ್ತಳು.

* * *

ಮಧ್ಯಾಹ್ನ ಎರಡೂವರೆ. ಹನೂರಿನ ಕೇಂದ್ರದಲ್ಲಿ ಆರು ಜನ. ಮಹದೇವಪ್ರಸಾದ್, ಚನ್ನಾಜಮ್ಮ, ಸೌಮ್ಯ, ನಾಗಶ್ರೀ, ರಂಗರಾಜು, ಮತ್ತು ಕರೆಸಿ ಕೂರಿಸಿದ ಪ್ರಭುಸ್ವಾಮಿ. ಮೇಜಿನ ಮೇಲೆ ಲ್ಯಾಪ್‌ಟಾಪ್. ಪಕ್ಕದಲ್ಲಿ ಹಳೆ ಸರ್ವರಿನ ಬೋರ್ಡು.

ಪ್ರಭುಸ್ವಾಮಿಗೆ ಹೆದರಿಕೆಯೇ ಇರಲಿಲ್ಲ. "ನಾನು ತಗೊಂಡಿದ್ದು ನಿಜ. ಹಳೇದು ತಗೊಂಡು ಹೊಸದು ಇಟ್ಟಿದ್ದೀನಿ. ಇದು ಕಳ್ಳತನನಾ? ಪರೀಕ್ಷೆ ಮಾಡಿ ನೋಡಿ ಬೇಕಾದ್ರೆ."

"ಅದಕ್ಕೇ ಕರ್ಸಿದ್ದು," ಎಂದಳು ಚನ್ನಾಜಮ್ಮ.

ಸೌಮ್ಯ ಮೊದಲು ಅವನ ಎರಡು ನಿಮಿಷದ ಪರೀಕ್ಷೆಯನ್ನೇ ಓಡಿಸಿದಳು. ಲ್ಯಾಪ್‌ಟಾಪ್ ಗೆದ್ದಿತು. ಪ್ರಭುಸ್ವಾಮಿ ಕಾಲ ಮೇಲೆ ಕಾಲು ಹಾಕಿಕೊಂಡ. "ನೋಡಿದ್ರಾ?"

"ಈಗ ಅವತ್ತಿನ ಬೆಳಿಗ್ಗೆ," ಎಂದಳು ಸೌಮ್ಯ. ನಿನ್ನೆ ಬೆಳಿಗ್ಗೆ ಐದರಿಂದ ಇಪ್ಪತ್ತೆಂಟು ಕ್ಯಾಮೆರಾ ಕಳಿಸಿದ ಚಿತ್ರಗಳನ್ನೆಲ್ಲ ಅವವು ಬಂದ ಸಮಯಕ್ಕೇ ಸರಿಯಾಗಿ ಎರಡಕ್ಕೂ ಕೊಡತೊಡಗಿದಳು. ನಾಗಶ್ರೀ ಗಡಿಯಾರದ ಮುಂದೆ ನೋಟ್‌ಬುಕ್ ಹಿಡಿದು ನಿಂತಳು.

ಮೊದಲ ಇಪ್ಪತ್ತು ನಿಮಿಷ ಎರಡೂ ಜೊತೆಜೊತೆಗೆ ಓಡಿದವು. ಆಮೇಲೆ ಲ್ಯಾಪ್‌ಟಾಪಿನ ಮೈ ಕಾಯಿತು. ರಂಗರಾಜು ಕೈಯಿಟ್ಟು ಹಿಂದೆ ತೆಗೆದ. ಸರ್ವರ್ ಬಾಯಿ ಬಡಿದುಕೊಳ್ಳುತ್ತ ಒಂದೇ ಸಮನೆ ದುಡಿಯುತ್ತಿತ್ತು. ಐದು ಐವತ್ತೆಂಟರ ಆನೆ ಬಂತು. ಸರ್ವರಿನ ಪರದೆಯಲ್ಲಿ ನಾಲ್ಕೇ ಸೆಕೆಂಡಿಗೆ ಕೆಂಪು ಚೌಕ. ಲ್ಯಾಪ್‌ಟಾಪಿನ ಪರದೆಯಲ್ಲಿ ಆಗಿನ್ನೂ ಎಮ್ಮೆಗಳು ಕೊಟ್ಟಿಗೆಯಿಂದ ಹೊರಡುತ್ತಿದ್ದವು.

ಐದು ನಿಮಿಷ. ಹತ್ತು ನಿಮಿಷ. ಹಾಲಿನ ವ್ಯಾನು ಬಂದು ಹೋಯಿತು. ಪ್ರಭುಸ್ವಾಮಿ ಕಾಲು ಕೆಳಗಿಳಿಸಿದ. ಕೊನೆಗೆ ಲ್ಯಾಪ್‌ಟಾಪಿನ ಪರದೆಯಲ್ಲೂ ಕೆಂಪು ಚೌಕ ಮೂಡಿತು.

"ಹದ್ನೈದು ನಿಮಿಷ, ನಲವತ್ತು ಸೆಕೆಂಡು," ನಾಗಶ್ರೀ ಓದಿದಳು. ಓದಿದವಳೇ ಗೋಡೆಗೆ ಮುಖ ಮಾಡಿ ಅತ್ತಳು.

ಮಹದೇವಪ್ರಸಾದ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಇವರೇ ಅಂತ ನಿಮಗೆ ಯಾವಾಗ ಗೊತ್ತಾಯ್ತು ಚನ್ನಾಜಮ್ಮನೋರೆ?"

"ಹಾಲಿನ ವ್ಯಾನು ಹದ್ನಾಕು ನಿಮಿಷ ತಡವಾಗಿ ಪರದೆಗೆ ಬಂದಿತ್ತು ಸಾ. ಅಲ್ಗೇ ಹುಡುಗಿ ಸುಳ್ಳು ಹೇಳ್ತಿಲ್ಲ ಅಂತಾಯ್ತು. ಸುಣ್ಣ ಒಡೀತೀವಿ ಅಂತ ರಜಾ ಕೊಟ್ಟವ್ರೆ, ಗೋಡೆ ನೋಡಿ, ಬ್ರಷ್ಷು ಸೋಕಿಲ್ಲ. ಆದ್ರೂ ರಂಗರಾಜು ಮ್ಯಾಲೇ ಗುಮಾನಿ ಇತ್ತು ನಂಗೆ. ಅದಕ್ಕೇ ಇಬ್ರಿಗೂ ಒಂದೇ ಮಾತು ಹೇಳ್ದೆ. ಸಿಪಿಯು ಕಳ್ಳತನ ಆಗದೆ ಅಂತ." ಅವಳು ಪ್ರಭುಸ್ವಾಮಿಯ ಕಡೆ ತಿರುಗಿದಳು. "ನಮ್ ಕಡೆ ಸಿಪಿಯು ಅಂದ್ರೆ ಡಬ್ಬ. ನಂಗೂ ಡಬ್ಬ, ರಿಪೇರಿ ಮಾಡೋ ರಂಗರಾಜೂಗೂ ಡಬ್ಬ. ಅವ್ನು ಡಬ್ಬ ಎಂಗ್ ಒತ್ಕಂಡ್ ಓದ್ರು ಅಂತ ಕೇಳ್ದ. ನೀವು ಡಬ್ಬದ ಮಾತೇ ಎತ್ನಿಲ್ಲ. ಹಳೇ ಪ್ರೊಸೆಸರ್ ಓದ್ರೆಷ್ಟು, ಈಗಿರೋದು ಫಾಸ್ಟು ಅಂದ್ರಿ. ಆ ಪದ ನನ್ ಬಾಯಲ್ಲಿ ಬಂದೇ ಇರ್ನಿಲ್ಲ. ಹೊಸದೊಂದು ಒಳಗೆ ಕುಂತದೆ ಅಂತ ನಾನು ಹೇಳೂ ಇರ್ನಿಲ್ಲ. ನೀವೊಬ್ರೇ ಸರಿಯಾಗಿ ಅರ್ಥ ಮಾಡ್ಕಂಡ್ರಿ ಸ್ವಾಮಿ. ಅದೇ ನೀವು ಮಾಡಿದ ತಪ್ಪು."

"ಇಷ್ಟು ನಿಧಾನ ಆಗುತ್ತೆ ಅಂತ ನನಗೇನು ಗೊತ್ತಿತ್ತು?" ಪ್ರಭುಸ್ವಾಮಿಯ ಮೆತ್ತನೆ ದನಿ ಈಗ ಕೀರಲಾಗಿತ್ತು.

"ರಂಗರಾಜು ಹೇಳಿದ್ದ. ಜೀವದ ವಿಷ್ಯ ಅಂದಿದ್ದ. ಅದಕ್ಕೇ ಅವನನ್ನ ಬಿಡ್ಸಿದ್ರಿ. ಗೊತ್ತಿರ್ನಿಲ್ಲ ಅಂತಾನೇ ಇಟ್ಕಳಣ. ನಿನ್ನೆ ಬೆಳಿಗ್ಗೆ ಗೊತ್ತಾಯ್ತಲ್ಲ? ಹದ್ನಾರು ನಿಮಿಷದ ಹಾಳೆ ಕೈಲಿ ಹಿಡ್ಕಂಡು, ಒಳಗೇನದೆ ಅಂತ ತಿಳ್ದೂ, ಈ ಮಗು ಕಡೆ ಬೆರಳು ತೋರ್ಸಿದ್ರಿ. ಪಾಪ ಅಂತ ಬೇರೆ ಅಂದ್ರಿ." ಚನ್ನಾಜಮ್ಮ ಬಾಗಿಲಾಚೆ ಹೋಗಿ ಉಗಿದು ಬಂದಳು. "ಕರ್ಕಂಡು ಓಗಿ ಸಾ. ಈ ಕೋಣೇಲಿ ಉಸಿರಾಡಕ್ಕಾಯ್ತಿಲ್ಲ."

* * *

ಅದೇ ಸಂಜೆ ಚನ್ನಾಜಮ್ಮ ನಾಗಶ್ರೀಯನ್ನು ಜೀಪಿನಲ್ಲಿ ಕೂರಿಸಿಕೊಂಡು ಶಾಗ್ಯಕ್ಕೆ ಹೋದಳು. ಠಾಣೆಯಲ್ಲಿ ಹೆಸರು ತೊಳೆದರೆ ಸಾಲದು, ಬೀದಿಯಲ್ಲೂ ತೊಳೆಯಬೇಕು ಎಂದು ಅವಳಿಗೆ ಗೊತ್ತಿತ್ತು.

ನಾಗಶ್ರೀಯ ಮನೆ ಬಾಗಿಲಿಗೆ ಯಾರೋ ಸಗಣಿ ನೀರು ಎರಚಿದ್ದರು. ಬಾಗಿಲು, ಜಗಲಿ, ಹೊಸ್ತಿಲ ರಂಗೋಲಿ, ಎಲ್ಲದರ ಮೇಲೂ ಒಣಗಿ ಹಿಡಿದಿತ್ತು. ನೊಣ ಮುತ್ತಿತ್ತು. ಒಳಗಿನಿಂದ ಚಿಲಕ. ನಾಗಶ್ರೀ ಜೀಪಿನಿಂದ ಇಳಿಯಲಾರದೆ ಕುಳಿತಳು.

ಜನ ಸೇರಿದರು. ಚನ್ನಾಜಮ್ಮ ಬೀದಿಯ ನಡುವೆ ನಿಂತು ಎಲ್ಲವನ್ನೂ ಹೇಳಿದಳು. ಪಂಕ್ತಿಯ ಕತೆಯನ್ನೂ ಬಿಡಲಿಲ್ಲ, ಮದುವೆ ವಿಡಿಯೋದ ಕತೆಯನ್ನೂ ಬಿಡಲಿಲ್ಲ. ಮುತ್ತಯ್ಯ ನೆಲ ನೋಡುತ್ತ ನಿಂತ. "ನಮ್ಗೇನ್ ಗೊತ್ತು ಮೇಡಮ್ಮೋರೆ, ದೊಡ್ಡ ಮನುಷ್ಯರು ಹೇಳುದ್ರು, ನಂಬ್ದೋ," ಎಂದ.

ಎದುರು ಮನೆಯ ಬಾಗಿಲಲ್ಲಿ ಮಹಾಲಕ್ಷ್ಮಮ್ಮ ಕಾಣಿಸಿಕೊಂಡಳು. ಸೂತಕದ ಮನೆಯವಳು ಹೊಸ್ತಿಲು ದಾಟುವಂತಿಲ್ಲ. ಅಲ್ಲಿಂದಲೇ ಕೇಳಿದಳು.

"ಒತ್ತಿಗೆ ಸರ್ಯಾಗಿ ಸೈರನ್ ಆಗಿದ್ರೆ?"

ಹಣೆಬರಹ, ದೇವರಿಚ್ಛೆ ಎಂದು ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಚನ್ನಾಜಮ್ಮನಿಗೆ ಮನಸ್ಸು ಬರಲಿಲ್ಲ.

"ಜಗಲಿ ಮ್ಯಾಲೇ ಕುಂತಿರೋರು ಕಣವ್ವ."

ಮಹಾಲಕ್ಷ್ಮಮ್ಮ ಅಳಲಿಲ್ಲ. ಹೊಸ್ತಿಲು ದಾಟಿದಳು. ಬೀದಿ ದಾಟಿ ಜೀಪಿನ ಹತ್ತಿರ ಬಂದಳು.

"ಇಳಿ ಕಣಮ್ಮಿ. ನಿಮ್ ಬಾಗ್ಲಿಗೆ ಇದ ಎರಚಿದ್ದು ನಾನೇಯ."

"ಗೊತ್ತು ದೊಡ್ಡವ್ವ," ಎಂದಳು ನಾಗಶ್ರೀ. "ಅವ್ವ ಫೋನಲ್ಲಿ ಹೇಳ್ತು."

ಮಹಾಲಕ್ಷ್ಮಮ್ಮ ಬೀದಿಯ ನೀರಿನ ತೊಂಬೆಯಲ್ಲಿ ಬಿಂದಿಗೆ ತುಂಬಿಸಿದಳು. ಸೂತಕದೋಳು ನೀರು ಮುಟ್ಟಬಾರದು ಎಂದು ಮುತ್ತಯ್ಯ ಏನೋ ಹೇಳಲು ಬಂದ. "ಸುಮ್ಕಿರ್ಲಾ," ಎಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ನೀರು ಸುರಿದು, ಬರಿಗೈಯಲ್ಲಿ ಉಜ್ಜತೊಡಗಿದಳು. ನಾಗಶ್ರೀ ಇಳಿದು ಬಂದು ಪೊರಕೆ ಹಿಡಿದಳು. ಒಬ್ಬರು ಆ ಕಡೆಯಿಂದ, ಒಬ್ಬರು ಈ ಕಡೆಯಿಂದ.

ಒಣಗಿದ ಸಗಣಿ ಬೇಗ ಬಿಡಲಿಲ್ಲ.